ಹಗೇವು ತೆಗೆದವರ ಮನೆ

ತಾತನ ಬಾಯಲ್ಲಿ ನಮ್ಮ ವಂಶ ಯಾವಾಗಲೂ ಒಂದು ಕೆರೆಯಿಂದ ಶುರುವಾಗುತ್ತಿತ್ತು. ತಾತನ ತಾತ ನಗರಗೆರೆ ಕಡೆಯ ಬಯಲಿಗೆ ಬಂದಾಗ ಅಲ್ಲಿ ಬಂದರೆ ಗಿಡದ ಪೊದೆ, ಕಲ್ಲುಗುಡ್ಡ ಬಿಟ್ಟರೆ ಏನೂ ಇರಲಿಲ್ಲವಂತೆ. ಅವನು ಹಳ್ಳಕ್ಕೆ ಅಡ್ಡ ಏರಿ ಕಟ್ಟಿಸಿದ, ಏರಿಯ ಕೆಳಗೆ ಗದ್ದೆ ಮಾಡಿದ, ಊರಿಗೆ ಪಟೇಲನಾದ. ಅವನಿಗೆ ಇಬ್ಬರು ಗಂಡುಮಕ್ಕಳು. ಇಲ್ಲಿಗೆ ಬಂದಾಗ ತಾತ ಸ್ವಲ್ಪ ಅವಸರ ಮಾಡುತ್ತಿದ್ದ. ಚಿಕ್ಕವನಿಗೆ ಸಂತಾನವಿಲ್ಲ, ದೊಡ್ಡವನೇ ನಮ್ಮಪ್ಪ ಎಂದು ಒಂದೇ ಉಸಿರಿನಲ್ಲಿ ದಾಟಿಬಿಟ್ಟು, ಆಮೇಲೆ ನಿಧಾನವಾಗಿ ಯಾರು ಯಾವ ಊರಿನಿಂದ ಹೆಣ್ಣು ತಂದರು, ಯಾರಿಗೆ ಎಷ್ಟು ಮಕ್ಕಳು, ಯಾವ ಮಗು ಉಳಿಯಲಿಲ್ಲ ಎಂದು ಹೇಳುತ್ತಾ ಹೋಗುತ್ತಿದ್ದ. ನಾವು ಮೊಮ್ಮಕ್ಕಳು ಸಂಜೆ ಜಗಲಿಯ ಮೇಲೆ ಕೂತು ಕೇಳುತ್ತಿದ್ದೆವು. ಹೆಣ್ಣು ಕೇಳಲು ಬಂದವರ ಮುಂದೆಯೂ ಅದೇ ಕಥೆ, ಅದೇ ಅವಸರ. ನನಗೆ ಅದೆಂದೂ ವಿಚಿತ್ರವೆನಿಸಿರಲಿಲ್ಲ.

ಐವತ್ತರ ದಶಕದ ನಡುವೆ ನನಗೆ ಮೇಷ್ಟರ ಕೆಲಸ ಸಿಕ್ಕಿತು. ಚಿಕ್ಕಬಳ್ಳಾಪುರದಲ್ಲಿ ಓದಿ, ಟ್ರೈನಿಂಗ್ ಮುಗಿಸಿದವಳಿಗೆ ಮೊದಲ ನೇಮಕ ಚಿಂತಾಮಣಿಯ ಆಚೆ, ಅಂಬಾಜಿದುರ್ಗದ ಮಗ್ಗುಲಿನ ಒಂದು ಹಳ್ಳಿಯ ಶಾಲೆಗೆ. ಮದುವೆಯಾಗದ ಹುಡುಗಿ ಒಬ್ಬಳೇ ಅಷ್ಟು ದೂರ ಹೋಗುವುದು ಅಪ್ಪನಿಗೆ ಸುತರಾಂ ಇಷ್ಟವಿರಲಿಲ್ಲ. ತಾತನೇ, ಹೋಗಿ ಬರಲಿ ಬಿಡು, ನಾವಂತೂ ಈ ಕೆರೆ ದಾಟಲಿಲ್ಲ ಎಂದ. ಗೌರಿಬಿದನೂರಿಗೆ ಒಂದು ಬಸ್ಸು, ಅಲ್ಲಿಂದ ಚಿಕ್ಕಬಳ್ಳಾಪುರಕ್ಕೆ ಇನ್ನೊಂದು, ಆಮೇಲೆ ಪುಟ್ಟ ರೈಲು. ಅದು ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ಮೂಟೆಗಳವರನ್ನು ಹತ್ತಿಸಿಕೊಂಡು ಚಿಂತಾಮಣಿಗೆ ಬರುವಷ್ಟರಲ್ಲಿ ಸುತ್ತಲಿನ ಮಾತು ಪೂರ್ತಿ ತೆಲುಗಾಗಿರುತ್ತಿತ್ತು.

ಊರಿನಲ್ಲಿ ನನಗೆ ಒಂದು ರೈತರ ಮನೆಯ ಹೊರಗಿನ ಕೋಣೆ ಕೊಟ್ಟರು. ಯಜಮಾನ ನಲವತ್ತರ ಆಸುಪಾಸಿನವನು, ಮಾತು ಕಡಿಮೆ. ಅವನ ಹೆಂಡತಿಗೆ ಮಾತೇ ಉಸಿರು. ನಡುಮನೆಯಲ್ಲಿ ಯಜಮಾನನ ಅಜ್ಜಿ ಇದ್ದಳು. ಎಂಬತ್ತು ದಾಟಿದ, ಒಣಗಿದ ಹೀರೇಕಾಯಿಯಂತೆ ಹಗುರಾದ ಮುದುಕಿ. ಕಣ್ಣು ಚೆನ್ನಾಗಿತ್ತು, ಕಿವಿ ಮಾತ್ರ ಮಂದ. ಮನೆಯ ಮಾತೆಲ್ಲ ತೆಲುಗಿನಲ್ಲೇ ನಡೆಯುತ್ತಿತ್ತು. ಊರಿನವರು ಆ ಮನೆಯವರನ್ನು ಪಾತರೋಳ್ಳು ಎಂದು ಕರೆಯುತ್ತಿದ್ದರು. ಯಾರೂ ಅದನ್ನು ಬಿಡಿಸಿ ಹೇಳಿರಲಿಲ್ಲ. ಯಾವುದೋ ಮನೆತನದ ಹೆಸರು ಎಂದುಕೊಂಡು ನಾನೂ ಹಾಗೆಯೇ ಹೇಳುತ್ತಿದ್ದೆ.

ಒಂದು ಭಾನುವಾರ ಮನೆಯಾಕೆ ರಾಗಿ ಕೇರುತ್ತಿದ್ದಾಗ ಸುಮ್ಮನೆ ಕೇಳಿದೆ, ಪಾತರ ಎಂದರೇನು ಎಂದು. ರಾಗಿ ತುಂಬಿಡೋ ಗುಂಡಿ, ನಿಮ್ಮ ಕಡೆ ಹಗೇವು ಅಂತಾರಲ್ಲ ಅದೇ ಎಂದಳು. ಹಗೇವು ನಮ್ಮಲ್ಲೂ ಇತ್ತು. ಅಂಗಳದಲ್ಲಿ ಬಾವಿಯಂತೆ ತೋಡಿ, ಒಳಗೆ ಹುಲ್ಲು ಹೊದಿಸಿ, ರಾಗಿ ಸುರಿದು ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಕೆಡದೆ ಇರುತ್ತದೆ. ಆದರೆ ಅದು ಎಲ್ಲರ ಮನೆಯಲ್ಲೂ ಇರುವಂಥದು, ನಿಮಗೆ ಮಾತ್ರ ಯಾಕೆ ಆ ಹೆಸರು ಎಂದೆ. ಆಗ ಅವಳು ಹೇಳಿದ ಕಥೆ ಇಷ್ಟು.

ಅವರ ಹಿರಿಯ ಪಡುವಣ ಸೀಮೆಯ ಪಟೇಲನ ಎರಡನೆಯ ಮಗ. ದೊಡ್ಡ ಬರ ಬಂದ ಕಾಲ. ಜನ ಸೊಪ್ಪು ಮುಗಿಸಿ, ಕಳ್ಳಿ ಬೇರು ಬೇಯಿಸಿ ತಿನ್ನುತ್ತಿದ್ದರಂತೆ. ಮನೆಯ ಹಗೇವಿನಲ್ಲಿ ರಾಗಿ ತುಂಬಿತ್ತು. ಬರ ಇನ್ನೆಷ್ಟು ವರ್ಷವೋ, ಬಿತ್ತನೆಗೂ ಅದೇ, ಮನೆಮಂದಿಯ ಹೊಟ್ಟೆಗೂ ಅದೇ ಎಂದು ಅಣ್ಣ ಅದರ ಬಾಯಿ ತೆಗೆಯಗೊಡಲಿಲ್ಲ. ಅಣ್ಣ ಪರವೂರಿಗೆ ಹೋಗಿದ್ದಾಗ ತಮ್ಮ ಬಾಯಿ ತೆಗೆದ. ಒಳಗಿನ ಕೆಟ್ಟ ಗಾಳಿ ಹೋಗಲೆಂದು ಕಾದು, ತಾನೇ ಇಳಿದು, ಬಾಗಿಲಿಗೆ ಬಂದವರಿಗೆಲ್ಲ ಅಳೆಯದೆ ತುಂಬಿ ಕೊಟ್ಟ. ಅಣ್ಣ ವಾಪಸು ಬಂದಾಗ ಗುಂಡಿ ಬರಿದಾಗಿತ್ತು. ಇಬ್ಬರಿಗೂ ಮಾತು ಬೆಳೆಯಿತು. ಒಂದೇ ಸೂರಿನ ಕೆಳಗೆ ಇನ್ನು ಇರಲಾಗದು ಎಂದಾಯಿತು. ತಮ್ಮನಾದವನು ಹೆಂಡತಿಯನ್ನೂ ಐದಾರು ವರ್ಷದ ಮಗಳನ್ನೂ ಗಾಡಿಯಲ್ಲಿ ಕೂರಿಸಿಕೊಂಡು ಮೂಡಲ ದಾರಿ ಹಿಡಿದ. ಮತ್ತೆ ಹಿಂದಿರುಗಲಿಲ್ಲ. ಬೇರೆ ಮಕ್ಕಳಾಗಲಿಲ್ಲ, ಮಗಳಿಗೇ ಮನೆಅಳಿಯನನ್ನು ತಂದ. ಒಳಗೆ ಕೂತಿದೆಯಲ್ಲ, ಅದೇ ಆ ಮಗಳು ಎಂದು ಮೊರದಿಂದಲೇ ತೋರಿಸಿದಳು.

ಪಡುವಣ ಸೀಮೆ ಎಂದರೆ ಯಾವ ಊರು ಎಂದು ಕೇಳಿದೆ. ಅವಳಿಗೆ ಗೊತ್ತಿರಲಿಲ್ಲ. ಇಬ್ಬರೂ ಒಳಗೆ ಹೋಗಿ ಅಜ್ಜಿಯ ಕಿವಿಯ ಹತ್ತಿರ ಕೂಗಿ ಕೇಳಿದೆವು. ಅವಳು ನಮ್ಮೂರಿನ ಹೆಸರು ಹೇಳಿದಳು. ನಾನು ಆ ಊರಿನವಳು ಎಂದಾಗ ನನ್ನನ್ನು ಬಹಳ ಹೊತ್ತು ನೋಡಿದಳು. ನಾನು ಬಂದು ಮೂರ್ನಾಲ್ಕು ತಿಂಗಳಾಗಿದ್ದರೂ ಅವಳ ಬಾಯಲ್ಲಿ ಕನ್ನಡ ಕೇಳಿದ್ದು ಅದೇ ಮೊದಲು.

"ಅಲ್ಲಿ ನಮ್ ದೊಡ್ಡಮ್ಮ ಅವ್ಳೆ," ಎಂದಳು.

ಚಿಕ್ಕ ಮಗು ಹೇಳಿದ ಹಾಗಿತ್ತು. ಅವಳ ಕನ್ನಡ ಆ ವಯಸ್ಸಿಗೇ ನಿಂತುಹೋಗಿತ್ತು.

ದಸರಾ ರಜೆಗೆ ಊರಿಗೆ ಹೋದವಳು ಕೈಕಾಲು ತೊಳೆಯುವ ಮೊದಲೇ ತಾತನಿಗೆ ಹೇಳಿದೆ. ಅವನು ಹೆಗಲ ಮೇಲಿನ ಟವೆಲು ತೆಗೆದು ಮಡಿಸಿ, ಮತ್ತೆ ಬಿಚ್ಚಿ, ಮತ್ತೆ ಮಡಿಸಿದ.

"ಸಂತಾನ ಇಲ್ಲ ಅನ್ನೋದು ನಮ್ಮಪ್ಪ ಹೇಳ್ಕೊಟ್ಟ ಮಾತು ಕಣಮ್ಮ. ನಮ್ಮಮ್ಮ ಹಂಗನ್ನಲಿಲ್ಲ. ನನಗೊಂದು ಮಗು ಇತ್ತು ಅಂತಿದ್ಳು."

ಅಣ್ಣತಮ್ಮಂದಿರಿಗೆ ಕೊಟ್ಟಿದ್ದು ಅಕ್ಕತಂಗಿಯರನ್ನು ಎಂಬುದು ಆಗ ನನಗೆ ಗೊತ್ತಾಯಿತು. ಅಕ್ಕನಿಗೆ ಬಹುಕಾಲ ಮಕ್ಕಳಾಗಿರಲಿಲ್ಲ. ತಂಗಿಯ ಮಗಳು ಅವಳ ಮಡಿಲಲ್ಲೇ ಬೆಳೆದಿತ್ತು, ಅವಳ ಮಗ್ಗುಲಲ್ಲೇ ಮಲಗುತ್ತಿತ್ತು. ಗಾಡಿ ಹೊರಟಾಗ ಅಕ್ಕ ಏರಿಯ ಕೊನೆಯವರೆಗೆ ಹಿಂದೆ ನಡೆದಿದ್ದಳಂತೆ. ತಾತ ಹುಟ್ಟಿದ್ದು ಆಮೇಲೆ. ಅವನು ಕಂಡ ತಾಯಿ ಮಾತು ಕಡಿಮೆಯಾದ, ನಗದ ಹೆಂಗಸು. ಗೌರಿ ಹಬ್ಬ ಬಂದರೆ ಸಾಕು, ಅವಳು ಮೂಡಲ ಬಾಗಿಲಲ್ಲಿ ಕೂತು ಯಾರ ಜೊತೆಗೂ ಮಾತಾಡುತ್ತಿರಲಿಲ್ಲವಂತೆ. ಹಗೇವಿನ ರಾಗಿ ಮಾರಿಕೊಂಡು ತಮ್ಮ ಓಡಿಹೋದ ಎಂದು ತಾತನ ಅಪ್ಪ ಹೇಳುವಾಗಲೆಲ್ಲ ಅವಳು ಎದ್ದು ಒಳಗೆ ಹೋಗುತ್ತಿದ್ದಳು. ಹುಡುಕಿಸೋಣ ಎಂದು ತಾತ ಒಮ್ಮೆ ಬಾಯಿಬಿಟ್ಟಿದ್ದಕ್ಕೆ, ನಿಮ್ಮಪ್ಪ ಇರೋವರೆಗೂ ಬೇಡ ಅಂದಳಂತೆ. ಅಪ್ಪನಿಗಿಂತ ಮೊದಲು ಅವಳೇ ಹೋಗಿಬಿಟ್ಟಳು.

ನಮ್ಮಪ್ಪನಿಗೆ ಇದು ಹಿಡಿಸಲಿಲ್ಲ. ಎಂಬತ್ತು ವರ್ಷ ಕಳೆದ ಮೇಲೆ ಸಂಬಂಧ ಹುಡುಕಿಕೊಂಡು ಹೋದರೆ ಅವರು ಬಂದು ಪಾಲು ಕೇಳದೆ ಬಿಡುತ್ತಾರೆಯೇ ಎಂದ. ಸರ್ಕಾರ ಜಮೀನಿಗೆಲ್ಲ ಹೊಸ ಕಾನೂನು ತರುತ್ತಿದ್ದ ಕಾಲ, ಅವನ ಭಯವೂ ಸುಳ್ಳಲ್ಲ. ತಾತ ವಾದ ಮಾಡಲಿಲ್ಲ. ಗೌರಿಬಿದನೂರಿನಲ್ಲಿ ಇಳಿದು ಒಂದು ಸೀರೆ ಕೊಳ್ಳಬೇಕು, ಯಾವ ಬಣ್ಣ ತೊಗೊಳ್ಳಲಿ ಎಂದು ನನ್ನನ್ನು ಕೇಳಿದ.

ರಜೆ ಮುಗಿಸಿ ನಾನು ಹೊರಟಾಗ ತಾತ ಜೊತೆಗೆ ಬಂದ. ರೈಲು ಹತ್ತಿದ್ದು ಅವನ ಜೀವನದಲ್ಲಿ ಅದೇ ಮೊದಲು. ಕಿಟಕಿಯ ಹತ್ತಿರ ಕೂತು ಪ್ರತಿ ಊರು ಬಂದಾಗಲೂ ಚಿಕ್ಕಪ್ಪನ ಗಾಡಿ ಈ ಕಡೆಯಿಂದಲೇ ಹೋಗಿರಬೇಕು ಎನ್ನುತ್ತಿದ್ದ. ತನ್ನ ಮುಖ ನೋಡದ ಚಿಕ್ಕಪ್ಪ. ಸೀರೆಯ ಗಂಟನ್ನು ತೊಡೆಯಿಂದ ಕೆಳಗಿಳಿಸಲಿಲ್ಲ.

ಅಜ್ಜಿ ಪಡಸಾಲೆಯಲ್ಲಿ ಕೂತು ಕಳ್ಳೇಕಾಯಿ ಬಿಡಿಸುತ್ತಿದ್ದಳು. ತಾತ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವನು ಅಲ್ಲೇ ನಿಂತ. ನಾನು ಬೆನ್ನ ಹಿಂದಿದ್ದೆ. "ಅಮ್ಮ," ಎಂದ, ಬೇರೆ ಯಾರಿಗೂ ಕೇಳದಂತೆ. ಆ ಮುದುಕಿಯ ಹಣೆ, ಕೆಳತುಟಿ, ತಲೆ ಒಂದು ಕಡೆ ವಾಲಿಸಿ ನೋಡುವ ರೀತಿ, ಎಲ್ಲವೂ ತನ್ನ ತಾಯಿಯದೇ ಎಂದು ಆಮೇಲೆ ನನಗೆ ಹೇಳಿದ. ಅಕ್ಕತಂಗಿಯರ ಮುಖ ತಂಗಿಯ ಮಗಳಲ್ಲಿ ಉಳಿದಿತ್ತು. ನಮ್ಮ ಮನೆಯಲ್ಲಿ ಯಾರಿಗೂ ಬಂದಿರಲಿಲ್ಲ.

ನಾನು ಅಜ್ಜಿಯ ಕಿವಿಯಲ್ಲಿ, ದೊಡ್ಡಮ್ಮನ ಮಗ ಬಂದಿದ್ದಾನೆ ಎಂದೆ. ಅವಳು ಕಳ್ಳೇಕಾಯಿ ಸರಿಸಿ, ಬಾ ಎಂದು ಕೈ ಚಾಚಿದಳು. ಎಪ್ಪತ್ತೈದು ದಾಟಿದ ಗಂಡಸು ಅವಳ ಎದುರು ಮಂಡಿಯೂರಿ ಕೂತ. ಅವಳು ಅವನ ಮುಖ ಸವರಿ, ತೆಲುಗಿನಲ್ಲಿ ಏನೋ ಹೇಳಿ, ತಡೆದು ಕನ್ನಡ ಹುಡುಕಿದಳು.

"ಹಬ್ಬಕ್ಕೆ ಬಂದು ಕರ್ಕೊಂಡೋಗ್ತೀನಿ ಅಂದಿದ್ಳು. ಬರಲೇ ಇಲ್ಲ."

"ಬರಕ್ಕೆ ಬಿಡಲಿಲ್ಲ ಕಣಕ್ಕ," ಎಂದ ತಾತ. "ಈಗ ನಾನ್ ಬಂದಿದೀನಿ."

ಅಣ್ಣತಮ್ಮಂದಿರ ಮಕ್ಕಳು, ಅಕ್ಕತಂಗಿಯರ ಮಕ್ಕಳು. ಎರಡು ಕಡೆಯಿಂದಲೂ ಅವನು ಅವಳಿಗೆ ತಮ್ಮ. ಅವಳಿಗೆ ಒಡಹುಟ್ಟಿದವರಿರಲಿಲ್ಲ, ತವರಿನ ಸೀರೆ ಎಂಬುದನ್ನು ಉಟ್ಟವಳಲ್ಲ. ಗಂಡ ಹೋಗಿ ಎಷ್ಟೋ ವರ್ಷವಾಗಿದ್ದರಿಂದ ಅರಿಶಿನ ಕುಂಕುಮವಿಲ್ಲದೆ ಸೀರೆಯೊಂದನ್ನೇ ತಾತ ಅವಳ ಮಡಿಲಿಗಿಟ್ಟ. ಅವಳು ಅದನ್ನು ಬಿಡಿಸಿ ನೋಡಲಿಲ್ಲ. ಎರಡು ಕೈಯಲ್ಲೂ ಹಿಡಿದು ಹಾಗೇ ಕೂತಿದ್ದಳು.

ಸಂಜೆ ಹೊಲದಿಂದ ಬಂದ ಯಜಮಾನನ, ಅಜ್ಜಿಯ ಮೊಮ್ಮಗನ, ಮುಖ ಗಂಟಿಕ್ಕಿತು. ಇಷ್ಟು ವರ್ಷ ಇಲ್ಲದವರು ಈಗ ಯಾತಕ್ಕೆ ಬಂದರು, ನಮ್ಮಿಂದ ಯಾವುದಾದರೂ ಕಾಗದಕ್ಕೆ ಹೆಬ್ಬೆಟ್ಟು ಹಾಕಿಸಿಕೊಳ್ಳಲೋ ಎಂದು ಹೆಂಡತಿಯ ಹತ್ತಿರ ಕೇಳಿದ್ದು ನಮಗೂ ಕೇಳಿಸಿತು. ನಮ್ಮೂರಿನಲ್ಲಿ ಅಪ್ಪನಿಗೆ ಇದ್ದ ಭಯವೇ ಇಲ್ಲಿ ಬೇರೆ ಬಾಯಲ್ಲಿ ಬಂದಿತ್ತು. ಕಿವಿ ಕೇಳದ ಅಜ್ಜಿಗೆ ಅವನ ಮುಖವೇ ಸಾಕಾಯಿತು. "ವೀಡು ನಾ ತಮ್ಮುಡು," ಇವನು ನನ್ನ ತಮ್ಮ, ಎಂದಳು. ಮೊಮ್ಮಗ ತಾತನಿಗೆ ಕೈಕಾಲು ತೊಳೆಯಲು ನೀರು ತಂದಿಟ್ಟ.

ಮರುವರ್ಷದ ಗೌರಿ ಹಬ್ಬಕ್ಕೆ ಅಜ್ಜಿಯನ್ನು ನಾನೇ ಕರೆದುಕೊಂಡು ಹೋದೆ. ಗೌರಿಬಿದನೂರಿನಿಂದ ಮುಂದಕ್ಕೆ ಬಸ್ಸು ಬೇಡ, ಗಾಡಿ ಬೇಕು ಎಂದಳು. ತಾತ ಗಾಡಿ ಕಟ್ಟಿಸಿಕೊಂಡು ಬಂದಿದ್ದ. ಏರಿಯ ಮೇಲೆ ಬಂದಾಗ ಗಾಡಿ ನಿಲ್ಲಿಸಲು ಹೇಳಿ ಇಳಿದು ನಿಂತಳು. ಅವಳಿಗೆ ಯಾವುದರ ಗುರುತೂ ಹತ್ತಲಿಲ್ಲ. ಮನೆ ಆಗಲೇ ಎರಡು ಸಲ ಕಟ್ಟಿಸಿದ್ದಾಗಿತ್ತು, ಹಗೇವನ್ನು ಮುಚ್ಚಿ ಮೇಲೆ ಕೊಟ್ಟಿಗೆ ಹಾಕಿದ್ದರು. ತಾತ ಕೊಟ್ಟಿಗೆಯ ನೆಲ ತೋರಿಸಿದಾಗ, ಸಣ್ಣದಾಗಿತ್ತಾ ಎಂದು ಕೇಳಿದಳು ಅಷ್ಟೆ. ಅವಳ ನೆನಪಿನಲ್ಲಿ ಅದು ಕೆರೆಯಷ್ಟು ದೊಡ್ಡದು.

ಆದರೆ ಆ ಹಬ್ಬದಲ್ಲಿ ನಾನು ಕಂಡದ್ದನ್ನು ಇವತ್ತಿಗೂ ಮರೆಯಲಾರೆ. ಅಕ್ಕತಮ್ಮ ಇಬ್ಬರೂ ಬೆಳಗಿನಿಂದ ಜಗಲಿಯ ಮೇಲೆ ಕೂತು ಮಾತಾಡುತ್ತಿದ್ದರು. ಅವನು ಅರ್ಧ ಕೂಗುತ್ತಿದ್ದ, ಅವಳು ಅರ್ಧ ತೆಲುಗಿನಲ್ಲಿ ಹೇಳುತ್ತಿದ್ದಳು. ತಾತ ಮತ್ತೆ ಮತ್ತೆ ಕೇಳುತ್ತಿದ್ದುದು ಒಂದೇ, ನಮ್ಮಮ್ಮ ಹೆಂಗಿದ್ಳು ಎಂದು. ಅವನ ತಾಯಿಯ ಹರೆಯವನ್ನು ಕಂಡ ಜೀವ ಭೂಮಿಯ ಮೇಲೆ ಅವಳೊಬ್ಬಳೇ ಉಳಿದಿದ್ದಳು. ಅವಳು ಹೇಳಿದಳು: ದೊಡ್ಡಮ್ಮನಿಗೆ ನಗು ಬಂದರೆ ನಿಲ್ಲುತ್ತಿರಲಿಲ್ಲ, ನೀರು ಸೇದುವಾಗ ನಕ್ಕು ಹಗ್ಗವನ್ನೇ ಕೈಬಿಟ್ಟಿದ್ದಳು. ಬೀಸುವಾಗ ಹಾಡುವಳು, ಹಾಡಿನಲ್ಲಿ ನನ್ನ ಹೆಸರು ಸೇರಿಸುವಳು. ಕೆರೆ ತುಂಬಿದರೆ ಯಾರೂ ಇಲ್ಲದಾಗ ನೀರಿಗಿಳಿದು ಈಜುವಳು. ತಾತ ಮಗುವಿನ ಹಾಗೆ ಬಾಯಿ ತೆರೆದು ಕೇಳುತ್ತಿದ್ದ. ಈಜು ಬರುತ್ತಿತ್ತೇ ನಮ್ಮಮ್ಮನಿಗೆ ಎಂದು ಊಟಕ್ಕೆ ಕೂತಾಗಲೂ ಒಮ್ಮೆ ಕೇಳಿದ. ಅಜ್ಜಿಗೆ ಬೇಕಾಗಿದ್ದುದು ಆಮೇಲಿನ ಕಥೆ. ಮೂಡಲ ಬಾಗಿಲಿನ ಮಾತನ್ನು ಅವನು ಹೇಳಿದಾಗ ಅವಳು ಅಳಲಿಲ್ಲ. ಹಾಗಾದರೆ ಮರೆತಿರಲಿಲ್ಲ ಎಂದಳು.

ಅಪ್ಪ ಆ ದಿನಗಳಲ್ಲಿ ಹೆಚ್ಚು ಹೊಲದಲ್ಲೇ ಇದ್ದ. ಅಜ್ಜಿ ಹೊರಡುವವರೆಗೂ ಪಾಲಿನ ಮಾತೆತ್ತಲಿಲ್ಲ, ಅದು ಅವಳ ತಲೆಗೇ ಬಂದಿರಲಿಲ್ಲ. ಆಮೇಲೆ ಜಗಲಿಯ ಕಥೆಯೂ ಬದಲಾಯಿತು. ಚಿಕ್ಕವನಿಗೆ ಒಬ್ಬಳು ಮಗಳು ಎಂದು ತಾತ ನಿಂತು, ಬರದ ಕಥೆಯನ್ನು ಮೊದಲಿಂದ ಹೇಳುವನು. ತನ್ನ ಅಪ್ಪನನ್ನು ಬೈಯುತ್ತಿರಲಿಲ್ಲ. ಅವನಿಗೂ ಮನೆ ತುಂಬ ಜನ ಇದ್ದರು ಎನ್ನುತ್ತಿದ್ದ.

ಇನ್ನೊಂದೆರಡು ಹಬ್ಬಕ್ಕೆ ತಾತನ ಸೀರೆಯನ್ನು ನಾನೇ ಒಯ್ದೆ. ಅರವತ್ತರ ದಶಕ ಶುರುವಾಗುವ ಹೊತ್ತಿಗೆ, ಒಂದು ಬೇಸಿಗೆಯಲ್ಲಿ, ತಾತ ಮಧ್ಯಾಹ್ನ ಮಲಗಿದವನು ಏಳಲಿಲ್ಲ. ಆ ಕಡೆಗೂ ಹೇಳಿ ಕಳಿಸಿದ್ದೆವು. ವೈಕುಂಠ ಸಮಾರಾಧನೆಯ ದಿನ ಅಜ್ಜಿಯ ಮೊಮ್ಮಗ ಬಂದ. ತಲೆ ಬೋಳಿಸಿದ್ದ. ಸುದ್ದಿ ಮುಟ್ಟಿದ ದಿನದಿಂದ ಅವರ ಮನೆಯಲ್ಲಿ ಸೂತಕ ಹಿಡಿದಿದ್ದರಂತೆ. ಹೆಣ್ಣಿನ ಕಡೆಯವರು ನೀವು, ನಿಮಗೆ ಅಷ್ಟು ಬೇಕಿರಲಿಲ್ಲ ಎಂದು ಯಾರೋ ಅಂದರು. ಅಜ್ಜಿ ಹಿಡೀರಿ ಅಂದ್ಲು, ಒಂದೇ ಮನೆ ಅಂದ್ಲು ಎಂದ ಅವನು. ಅಪ್ಪ ಅವನ ಕೈ ಹಿಡಿದುಕೊಂಡು ಹೋಗಿ ಪಂಕ್ತಿಯಲ್ಲಿ ತನ್ನ ಪಕ್ಕದ ಎಲೆಗೆ ಕೂರಿಸಿದ. ಬಡಿಸಲು ಬಂದವರಿಗೆ ಅಪ್ಪನೇ, ಇವರಿಗೆ ಇನ್ನೂ ಸ್ವಲ್ಪ ಹಾಕಿ ಎನ್ನುತ್ತಿದ್ದ.

ಶಾಲೆ ಮತ್ತೆ ತೆರೆದಾಗ ನಾನು ಹೋಗಿ ಅಜ್ಜಿಯ ಹತ್ತಿರ ಕೂತೆ. ಅವಳು ಇನ್ನೂ ಸಣ್ಣಗಾಗಿದ್ದಳು. ತಾತ ಹೇಗೆ ಹೋದ, ನೋವೇನಾದರೂ ಇತ್ತೇ ಎಂದು ಕೇಳಿದಳು, ಹೇಳಿದೆ. "ಮುದುಕಿ ಆದ್ಮೇಲೆ ಹುಟ್ಟಿದ್ ತಮ್ಮ," ಎಂದು ನನ್ನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಅವಳ ಕನ್ನಡ ಆ ನಾಲ್ಕೈದು ವರ್ಷಗಳಲ್ಲಿ ಸ್ವಲ್ಪ ಬೆಳೆದಿತ್ತು.

ಮುಂದೆ ನನಗೆ ಶಿಡ್ಲಘಟ್ಟಕ್ಕೆ ವರ್ಗವಾಯಿತು, ಮದುವೆಯಾಯಿತು. ಅಜ್ಜಿ ಹೋದ ಸುದ್ದಿ ತಡವಾಗಿ ಮುಟ್ಟಿತು. ಅವಳ ದೊಡ್ಡಮ್ಮ ಬೀಸುವಾಗ ಹಾಡುತ್ತಿದ್ದ ಆ ಹಾಡನ್ನು ಒಮ್ಮೆ ಹೇಳಿಸಿಕೊಳ್ಳಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೆ. ಅವರ ಮನೆಯ ಆ ಹೊರಗಿನ ಕೋಣೆಯಲ್ಲಿದ್ದಾಗ ಗೋಡೆಯಾಚೆ ಅವಳು ನಸುಕಿನಲ್ಲಿ ಎದ್ದು ಏನೋ ಗುನುಗುವುದು ಕೇಳಿಸುತ್ತಿತ್ತು. ಪದ ತಿಳಿಯುತ್ತಿರಲಿಲ್ಲ. ಎದ್ದು ಹೋಗಿ ಕೇಳಿದರೆ ನಿಲ್ಲಿಸಿಬಿಟ್ಟಾಳು ಎಂದು ಹೊದಿಕೆಯೊಳಗೆ ಅಲುಗದೆ ಮಲಗಿರುತ್ತಿದ್ದೆ.