ಕಾಮಾಲೆ ಮದ್ದಿಗೆ ನಾನು ಕಟ್ಟಿದ ಬೆಲೆ

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಸುಳ್ಯದಲ್ಲಿ ಇಂಗ್ಲಿಷ್ ಮಾಸ್ಟ್ರಾಗಿದ್ದೆ. ಪ್ರೈಸ್, ಕಾಸ್ಟ್, ವ್ಯಾಲ್ಯೂ, ವರ್ತ್ ಎಂಬ ನಾಲ್ಕು ಶಬ್ದಗಳನ್ನು ಮಕ್ಕಳ ತಲೆಗೆ ತುರುಕುವುದು ನನ್ನ ಪಾಲಿನ ಕರ್ಮ. ಕೋಳಿಯ ಉದಾಹರಣೆ ಕೊಡುತ್ತಿದ್ದೆ. ಮಾರುವವನು ಹೇಳುವುದು ಪ್ರೈಸ್. ಸಾಕಲು ತಗಲಿದ್ದು ಕಾಸ್ಟ್. ಅದು ಇಡುವ ಮೊಟ್ಟೆಯಿಂದ ವ್ಯಾಲ್ಯೂ. ವರ್ತ್‌ಗೆ ಬರುವಾಗ ನನಗೇ ಬೆವರು. ಪುಣ್ಯಕ್ಕೆ ಗಂಟೆ ಹೊಡೆಯುತ್ತಿತ್ತು. ಹೊಡೆಯದ ದಿನ, ಅದು ಮುಂದಿನ ತರಗತಿಗೆ ಉಂಟು ಎಂದು ಹಸಿ ಸುಳ್ಳು ಹೇಳಿ ಪಾರಾಗುತ್ತಿದ್ದೆ.

ಅಂಥ ಪಂಡಿತನಿಗೆ ಒಂದು ವರ್ಷ ನವರಾತ್ರಿಯ ಹೊತ್ತಿಗೆ ಕಾಮಾಲೆ ಬಂತು. ಕಣ್ಣು, ಉಗುರು ಎಲ್ಲ ಅರಸಿನ. ಹತ್ತಿರದ ಮಂಡೆಕೋಲು ಎಂಬ ಊರಿನಲ್ಲಿ ಮದ್ದು ಕೊಡುವ ಅಜ್ಜಿಯೊಬ್ಬರಿದ್ದಾರೆಂದು ಜೊತೆಯ ಮಾಸ್ಟ್ರು ನನ್ನನ್ನು ಜೀಪಿಗೆ ತುಂಬಿದರು. ಅಜ್ಜಿಯದು ಗೌಡರ ಮನೆ. ಮನೆಯವರೊಳಗೆ ಆಡುವುದು ಗೌಡರ ಅರೆಭಾಷೆ, ನನ್ನಂಥ ಪುತ್ತೂರಿನವನೊಡನೆ ಕನ್ನಡ. ಮೂರು ದಿನ ಬೆಳಿಗ್ಗೆ ಖಾಲಿ ಹೊಟ್ಟೆಗೆ ಮದ್ದು. ಅಲ್ಲಿಯವರೆಗೆ ಅವರ ಜಗಲಿಯಲ್ಲೇ ಬಿಡಾರ, ಉಪ್ಪಿಲ್ಲದ ಗಂಜಿ.

ಮೊದಲ ದಿನದ ಮದ್ದು ಹೊಟ್ಟೆಗೆ ಇಳಿಯುತ್ತಲೇ ನನ್ನೊಳಗಿನ ಮಾಸ್ಟ್ರು ಎದ್ದು ಕೂತ. ಅರೆಯುವ ನೆಲನೆಲ್ಲಿ ಸೊಪ್ಪು ಅಂಗಳದ್ದೇ, ಕಲಸುವ ಹಾಲು ಹಟ್ಟಿಯ ದನದ್ದೇ. ಅಲ್ಲಿಗೆ ಕಾಸ್ಟ್ ಸೊನ್ನೆ. ವ್ಯಾಲ್ಯೂ ನನ್ನ ಜೀವ. ಪ್ರೈಸಿನ ಬಗ್ಗೆ ಮಾತ್ರ ಅಜ್ಜಿ ಬಾಯಿ ಬಿಟ್ಟಿರಲಿಲ್ಲ. ಪಾಪ, ಕೇಳಲು ಸಂಕೋಚ ಅಂದುಕೊಂಡು ಅದನ್ನು ನಾನೇ ನಿಗದಿ ಮಾಡಿ, ಐದು ರೂಪಾಯಿಯ ನೋಟನ್ನು ರಾತ್ರಿ ಮದ್ದರೆಯುವ ಕಲ್ಲಿನ ಅಡಿಗೆ ಸಿಕ್ಕಿಸಿದೆ. ಭಾರೀ ದೊಡ್ಡ ಮನುಷ್ಯನಾದೆನೆಂದು ಬೀಗುತ್ತ ಮಲಗಿದೆ.

ಮರುದಿನ ಬೆಳಿಗ್ಗೆ ಅಜ್ಜಿ ಕಲ್ಲಿನ ಮುಂದೆ ಸೊಪ್ಪು ಹಿಡಿದು ನಿಂತೇ ಇದ್ದರು.

“ಇದು ನೀವು ಇಟ್ಟದ್ದಾ ಮಾಸ್ಟ್ರೆ?”

“ಹೌದು. ಕಡಿಮೆ ಆಯ್ತಾ?” ಅಂದೆ. ಆ ಮಾತಿಗೆ ನನ್ನ ಕಪಾಳಕ್ಕೆ ನಾನೇ ಬಾರಿಸಿಕೊಳ್ಳಬೇಕು ಎಂದು ಈಗಲೂ ಅನ್ನಿಸುತ್ತದೆ.

“ಈ ಮದ್ದಿಗೆ ಹಣ ತಗೊಂಡ್ರೆ ಕೈಗುಣ ಹೋಗ್ತದೆ ಮಾರಾಯ್ರೆ. ನನ್ನ ಅತ್ತೆ ಇದನ್ನು ಹೇಳಿಕೊಡುವಾಗ ಅದೊಂದೇ ಆಣೆ ಮಾಡಿಸಿದ್ದು. ನಿಮ್ಮದು ಹೇಗೂ ಗುಣ ಆದೀತು. ನಾಳೆ ಯಾರಾದ್ರೂ ಸಣ್ಣ ಮಗುವನ್ನು ಎತ್ತಿಕೊಂಡು ಬಂದ್ರೆ ನಾನು ಎಂತ ಮಾಡುದು?”

ಸಿಟ್ಟಿನಲ್ಲಿ ಹೇಳಿದ್ದಲ್ಲ, ಹೆದರಿ ಹೇಳಿದ್ದು. ಅವರು ನೋಟನ್ನು ಮುಟ್ಟಿರಲಿಲ್ಲ, ನಾನೇ ಎಳೆದು ಕಿಸೆಗೆ ಹಾಕಿಕೊಂಡೆ. ಅಜ್ಜಿ ಕಲ್ಲನ್ನು ತೊಳೆದು, ಮತ್ತೆ ತೊಳೆದು, ಆಮೇಲೆ ಅರೆದು ಕೊಟ್ಟರು. ಎಂಥ ಮೂಢನಂಬಿಕೆ ಎಂದು ಒಳಗೊಳಗೇ ನಗುತ್ತ ಕುಡಿದೆ.

ಮೂರನೆಯ ಬೆಳಿಗ್ಗೆ ಕಡಬದ ಕಡೆಯವರೊಬ್ಬರು ನಾಲ್ಕು ವರ್ಷದ ಮಗಳನ್ನು ಹೆಗಲಿಗೆ ಹಾಕಿಕೊಂಡು ಬಂದರು. ಅವಳ ಕಣ್ಣು ನನ್ನದಕ್ಕಿಂತ ಹಳದಿ. ಅಜ್ಜಿ ನನ್ನ ಮುಖ ನೋಡಲಿಲ್ಲ. ನೋಡಿ ನಾಲ್ಕು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅದೇ ಕಲ್ಲಿನಲ್ಲಿ ಅರೆದ ಮದ್ದನ್ನು ಮಗು ಅರ್ಧ ಕುಡಿದು ಅರ್ಧ ಕಾರಿಕೊಂಡಿತು.

ನನಗೇನೋ ಗುಣವಾಯಿತು. ಶಾಲೆಗೆ ಹೋದೆ, ಆ ನಾಲ್ಕು ಶಬ್ದಗಳ ಪಾಠವನ್ನು ಮಾತ್ರ ಬಿಟ್ಟೇಬಿಟ್ಟೆ. ವಿಜ್ಞಾನದ ಮಾಸ್ಟ್ರ ಹತ್ತಿರ ವಿಷಯ ಹೇಳಿದರೆ ಅವರು ನಕ್ಕರು. “ನೋಟಿಗೂ ಲಿವರಿಗೂ ಎಂತ ಸಂಬಂಧ ಮಾರಾಯ?” ಸಂಬಂಧ ಇಲ್ಲವೆಂದು ನನಗೂ ಗೊತ್ತಿತ್ತು. ಗೊತ್ತಿದ್ದೂ ಅನ್ನ ಸೇರುತ್ತಿರಲಿಲ್ಲ. ಆ ಮಗುವಿಗೆ ಏನಾದರೂ ಆದರೆ ಅದು ನನ್ನಿಂದಲೇ ಎಂಬ ಹೆದರಿಕೆ ಕೂತಲ್ಲಿ ನಿಂತಲ್ಲಿ ತಿನ್ನುತ್ತಿತ್ತು. ಮೂರನೆಯ ಭಾನುವಾರ ತಡೆಯಲಾರದೆ ಬಸ್ಸು ಬದಲಿಸಿ ಕಡಬಕ್ಕೆ ಹೋದೆ. ಕಂಡಕಂಡವರನ್ನು ಕೇಳಿ ಆ ಮನೆ ಹುಡುಕಿದೆ.

ಅಂಗಳದಲ್ಲಿ ಹುಡುಗಿ ನಾಯಿಯ ಬಾಲ ಹಿಡಿದು ಎಳೆಯುತ್ತಿದ್ದಳು. ನಾಯಿ ಬೊಬ್ಬೆ ಹೊಡೆಯುತ್ತಿತ್ತು. ಸದ್ದು ಕೇಳಿ ಹೊರಗೆ ಬಂದ ಅವಳ ಅಪ್ಪ ನನ್ನ ಗುರುತು ಹಿಡಿದು ಕೂರಲು ಹೇಳಿದರು; ಆಮೇಲೆ ಗಾಬರಿಯಾದರು.

“ಗುಣ ಆದದ್ದು ನನ್ನ ಮಗಳಿಗೆ. ನೀವು ಎಂತಕ್ಕೆ ಅಳುದು ಮಾಸ್ಟ್ರೆ?”