ಹೋಗು, ಹೋಗಿ ಬಾ

ನಸೀಬೆಯ ಬಾಯಲ್ಲಿ ಸುಳ್ಳು ಬರುವುದಿಲ್ಲ ಎಂದು ನಮ್ಮೂರಿನವರು ಈಗ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಹೇಳುವವರ ಗಂಟೇನು ಹೋಗುತ್ತದೆ? ಮನೆ ಕಳೆದುಕೊಂಡವಳು ಅವಳು.

ಮನೆ ಹೋದ ವರ್ಷದ ಚಳಿಗಾಲದಲ್ಲಷ್ಟೇ ಅವಳು ನಮ್ಮ ದ್ರೂಜ್ ಪಂಥದ ದೀಕ್ಷೆ ತೆಗೆದುಕೊಂಡು ಬಿಳಿ ಮುಸುಕು ಹಾಕಿದ್ದಳು. ಗುರುವಾರ ಸಂಜೆ ತಪ್ಪದೆ ಪ್ರಾರ್ಥನೆಗೆ ಹೋಗುವಳು. ಗಂಡ ಫಂದಿಗೆ ಅದ್ಯಾವುದೂ ಬೇಕಿರಲಿಲ್ಲ. ದೀಕ್ಷೆಯಿಲ್ಲದವನು, ಸಿಗರೇಟು ಸೇದುವವನು, ಕೋಪವೆಂಬುದು ಮೂಗಿನ ತುದಿಯಲ್ಲೇ. ಇಳಿದ ಮೇಲೆ ಬೆಕ್ಕಿನ ಹಾಗೆ ಅವಳ ಹಿಂದೆ ಮುಂದೆ ಸುಳಿಯುವನು. ಇಪ್ಪತ್ತೆರಡು ವರ್ಷ ಹೀಗೇ ನಡೆದಿತ್ತು. ಅವಳಿಗೂ ಅವನ ಮೇಲೆ ಪ್ರೀತಿಯಿತ್ತು, ಇಲ್ಲದೆ ಏನು.

ಒಂದು ಮಧ್ಯಾಹ್ನ ಪಕ್ಕದ ಮನೆಯ ಮುದುಕ, ದೀಕ್ಷೆಯಾದ ಹಿರಿಯ ಶೇಖ್ ಶಾಹೀನ್ ಮತ್ತು ಸುವೈದಾ ಪೇಟೆಯ ನೆಂಟನೊಬ್ಬ ಬಂದು ಒಲೆಯ ಹತ್ತಿರ ಕೂತಿದ್ದರು. ಒಂದೇ ಸೋರೆಬುರುಡೆಯಲ್ಲಿ ಸರದಿಯಂತೆ ಹೀರುವ ಮಾಟೆ ಕಷಾಯದ ಸೊಪ್ಪಿಗೆ ನಸೀಬೆ ಕುದಿಯುವ ನೀರನ್ನೇ ಸುರಿದುಬಿಟ್ಟಳು. ಸೊಪ್ಪು ಸುಟ್ಟು ಕಷಾಯ ಕಹಿಯಾಯಿತು. ನೆಂಟ ಒಂದು ಗುಟುಕು ಹೀರಿ, "ಉಪಕಾರ ಆಯ್ತು" ಎಂದು ಬುರುಡೆಯನ್ನು ಹಿಂದಕ್ಕೆ ಕೊಟ್ಟ. ಉಪಕಾರ ಅಂದರೆ ಇನ್ನು ಸಾಕು ಎಂದರ್ಥ; ಮೊದಲ ಸುತ್ತಿನಲ್ಲೇ ಹಾಗಂದರೆ ಮನೆಯವನ ಮುಖಕ್ಕೆ ಹೊಡೆದ ಹಾಗೆ.

"ನೆಟ್ಟಗೆ ನೀರು ಕಾಸೋಕೂ ಬರಲ್ಲ ನಿಂಗೆ," ಎಂದ ಫಂದಿ.

"ಬೇಗ ಬೇಗ ಅಂತ ತಲೆ ತಿಂದವರು ನೀವೇ ತಾನೆ?"

"ಬಂದವರ ಮುಂದೆ ಎದುರು ಮಾತಾಡ್ತೀಯಾ? ಎದ್ದು ನಿಮ್ಮಪ್ಪನ ಮನೆಗೆ ಹೋಗು."

ಅಂದದ್ದು ಅಷ್ಟೇ. ಆದರೆ ನಮ್ಮ ದ್ರೂಜ್ ಜನರಲ್ಲಿ ‘ಹೋಗಿ ಬಾ’ ಎಂದರೆ ಅದು ಜಗಳ, ಬರೀ ‘ಹೋಗು’ ಎಂದರೆ ಮದುವೆ ಮುರಿದಂತೆ. ಬಿಟ್ಟ ಹೆಂಡತಿಯನ್ನು ಮತ್ತೆ ಕಟ್ಟಿಕೊಳ್ಳುವಂತಿಲ್ಲ, ಸಾಯುವ ತನಕ ಇಬ್ಬರೂ ಒಂದೇ ಸೂರಿನಡಿ ನಿಲ್ಲುವಂತಿಲ್ಲ.

ಶೇಖ್‌ಗೆ ಒಂದು ಕಿವಿ ಮಂದ. "ಏನಂದೆ ಫಂದಿ?" ಎಂದು ಕೇಳಿದರು.

ಫಂದಿಯ ಮುಖ ಬಿಳಿಚಿಕೊಂಡಿತು. "ಹೋಗಿ ಬಾ ಅಂದೆ ಶೇಖ್‌ರೇ."

"ನಂಗೂ ಹಂಗೇ ಕೇಳಿಸ್ತಪ್ಪ," ಎಂದ ನೆಂಟ, ನೆಲ ನೋಡುತ್ತ.

"ನಿಮ್ಮಿಬ್ಬರ ಮಾತು ಇರಲಿ," ಎಂದರು ಶೇಖ್. "ತಂಗೀ, ನೀನು ಮುಸುಕು ಹಾಕಿದವಳು. ನೀನು ಹೇಳು."

ಶೇಖ್ ಬೆನ್ನ ಹಿಂದೆ ನಿಂತು ಫಂದಿ ಕೈ ಜೋಡಿಸಿದ. ಹದಿನಾಲ್ಕರ ಮಗಳು ಗಾದಾ ರೊಟ್ಟಿಯ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಒಂದು ಸುಳ್ಳು ಹೇಳಿದರೆ ಎಲ್ಲ ಮೊದಲಿನಂತೆ ಎಂದು ನಸೀಬೆಗೆ ಗೊತ್ತಿತ್ತು. ಆದರೆ ದೀಕ್ಷೆಯಲ್ಲಿ ಅವಳು ಕೊಟ್ಟ ಮೊದಲ ಮಾತೇ ಸುಳ್ಳಾಡುವುದಿಲ್ಲ ಎಂದು.

"ಹೋಗು ಅಂದ್ರು," ಎಂದಳು.

"ಬಾ ಅನ್ನಲಿಲ್ವಾ?"

"ಅನ್ನಲಿಲ್ಲ."

ಫಂದಿ ಗೋಡೆಗೆ ಒರಗಿ ಕುಸಿದು ಮಕ್ಕಳ ಹಾಗೆ ಅತ್ತ. "ಒಂದಕ್ಷರ ಕಣೇ. ಒಂದಕ್ಷರ ಸೇರಿಸೋಕೆ ನಿನ್ನ ಕೈಲಿ ಆಗ್ಲಿಲ್ವಾ?"

ಆಡಿದ ನಾಲಿಗೆ ಅವನದು, ಬೈಗುಳ ಅವಳಿಗೆ. ನೋಡಿ ಹೇಗಿದೆ ನ್ಯಾಯ. ಅವತ್ತೇ ಅವಳು ಅದೇ ಬೀದಿಯ ಕೊನೆಯಲ್ಲಿದ್ದ ಅಣ್ಣನ ಮನೆ ಸೇರಿದಳು. ಎರಡು ವರ್ಷಕ್ಕೆ ಫಂದಿ ಬೇರೆ ಮದುವೆಯಾದ. ಆ ಹೆಂಗಸು ನಸೀಬೆಯದೇ ಹೆಂಚಿನ ಮೇಲೆ ರೊಟ್ಟಿ ಬೇಯಿಸುವ ವಾಸನೆ ಬೀದಿಗೆಲ್ಲ ಬರುತ್ತಿತ್ತು. ಗಾದಾಳ ಮದುವೆಯ ದಿನ ಒಳಗೆ ಫಂದಿ ಇದ್ದನೆಂದು ನಸೀಬೆ ಅಂಗಳದಾಚೆ, ಬಿಸಿಲಿನಲ್ಲಿ ನಿಂತೇ ಮಗಳನ್ನು ನೋಡಿದಳು. ಊಟದ ತಟ್ಟೆ ಅಲ್ಲಿಗೇ ಬಂತು. ಹೊರಡುವಾಗ ಗಾದಾ ತಾಯಿಯ ಕೈಗೆ ಮುತ್ತು ಕೊಟ್ಟು, "ನಿಂಗೆ ನನಗಿಂತ ನಿನ್ನ ಮುಸುಕೇ ಹೆಚ್ಚಾಯ್ತು ಅವ್ವಾ" ಎಂದಳು.

ಹೋದ ವರ್ಷ ಶೇಖ್ ಮನೆಯ ಸೊಸೆ ದೀಕ್ಷೆಗೆ ಸಿದ್ಧರಾದ ಮೂವರು ಹುಡುಗಿಯರನ್ನು ಅವಳ ಹತ್ತಿರ ಕರೆತಂದಳು. "ಸತ್ಯ ಅಂದ್ರೆ ಏನೂಂತ ಈ ನಸೀಬಜ್ಜಿನ ನೋಡಿ ಕಲೀರಿ," ಎಂದಳು.

ಅವರಲ್ಲೊಬ್ಬಳು ಮೆಲ್ಲಗೆ ಕೇಳಿದಳು: "ಅಜ್ಜೀ, ಶೇಖ್‌ರು ಇವತ್ತು ಅದನ್ನೇ ಕೇಳಿದ್ರೆ ಏನಂತೀರಿ?"

"ಹೋಗಿ ಬಾ ಅಂದ್ರು ಅಂತೀನಿ."

"ಛೆ, ಮಕ್ಕಳ ಮುಂದೆ ಹಿಂಗೆಲ್ಲ ಅನ್ನಬಾರದು," ಎಂದು ಸೊಸೆ ತಡೆದಳು.

"ಯಾಕನ್ನಬಾರದು? ಸುಳ್ಳು ಹೇಳ್ಬೇಡ ಅಂತ ಕಲಿಸಿದವರು ನೀವೇ," ಎಂದಳು ನಸೀಬೆ. "ನಿಜಾನೇ ಹೇಳ್ತಿದೀನಿ."