ಸಾಬೀತು ಎಂದು ಬರೆದವಳು

ಆಹಾರ ವಿಜ್ಞಾನ ಓದಿದ ನಾನು ರಾಜಾಜಿನಗರದ ಒಂದು ಸಣ್ಣ ಕಂಪನಿಯಲ್ಲಿ ಕೆಲಸಕ್ಕಿದ್ದೆ. ಸಿರಿಧಾನ್ಯ ಹುರಿದು, ಮೆಂತ್ಯ ಸೇರಿಸಿ, ಗಂಜಿಪುಡಿ ಮಾಡಿ ಮಾರುತ್ತಿದ್ದೆವು. ‘ಸಕ್ಕರೆ ಕಾಯಿಲೆ ಹತೋಟಿಗೆ: ವೈದ್ಯಕೀಯ ಪ್ರಯೋಗದಲ್ಲಿ ಸಾಬೀತು’ ಎಂದು ಪ್ಯಾಕೆಟ್ಟಿನ ಮೇಲೆ ಬರೆದವಳು ನಾನೇ.

ಆ ಪ್ರಯೋಗ ಎಂಥದ್ದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅದರಲ್ಲಿದ್ದವರು ನಮ್ಮ ಆಫೀಸಿನವರ ಅಪ್ಪ, ಅಮ್ಮ, ಅತ್ತೆ, ಮಾವಂದಿರು. ಕೆಲವು ವಾರ ತಿಂಡಿಯ ಬದಲು ಗಂಜಿ ಕುಡಿಸಿದೆವು. ದಿನಾ ವಾಕಿಂಗ್ ಮಾಡಿ ಎಂದೂ ಹೇಳಿದೆವು. ಎಲ್ಲರೂ ಮಾತ್ರೆ ನುಂಗುತ್ತಲೇ ಇದ್ದರು. ಗಂಜಿ ಕುಡಿಯದೆ ಬರೀ ನಡೆದವರ ಇನ್ನೊಂದು ಗುಂಪು ಇರಲಿಲ್ಲ. ಹಾಗಾಗಿ ಸಕ್ಕರೆ ಇಳಿದದ್ದು ಯಾವುದರಿಂದ ಎಂದು ಹೇಳುವಂತಿರಲಿಲ್ಲ. ಇಳಿಯದೆ ಅರ್ಧಕ್ಕೇ ಬಿಟ್ಟವರನ್ನು ವರದಿಯಿಂದ ತೆಗೆದದ್ದೂ ನಾನೇ.

“ಪ್ರಯೋಗ ಮಾಡಿದ್ದು ನಿಜ ತಾನೇ? ಹಾಕಿ ಮೇಡಂ,” ಅಂದರು ಮಾಲೀಕರು. ಹಾಕಿದೆ.

ಹೊಸಹಳ್ಳಿಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಓನರ್ ಆಂಟಿ ದಾವಣಗೆರೆ ಕಡೆಯವರು, ಶಾಲೆಯಲ್ಲಿ ಹೆಡ್‌ಮಿಸ್ ಆಗಿ ನಿವೃತ್ತರಾದವರು. ಅವರಿಗೆ ಶುಗರ್ ಇತ್ತು. ಮೇಲಿನ ಸಾಲು ಬರೆದದ್ದು ನಾನೇ ಎಂದು ಹೇಳಿ, ಮೊದಲ ಪ್ಯಾಕೆಟ್ಟನ್ನು ಹೆಮ್ಮೆಯಿಂದ ಕೊಟ್ಟಿದ್ದೆ. ಕೆಲವು ತಿಂಗಳಾದ ಮೇಲೆ ಒಂದು ದಿನ ಅವರು ಕುಂಟುತ್ತಾ ಗೇಟು ತೆಗೆದರು. ಕಾಲಿನ ಕಿರುಬೆರಳು ಕಪ್ಪಾಗಿತ್ತು.

“ಚಪ್ಪಲಿ ಕಚ್ಚೇತಿ, ಅಷ್ಟೇ,” ಅಂದರು. ನಾನು ಆಟೋ ತರಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಡಾಕ್ಟರು ಕಾಲು ನೋಡಿ, “ಮಾತ್ರೆ ತಗೋತಾ ಇದೀರೇನಮ್ಮ?” ಎಂದು ಕೇಳಿದರು.

“ಬಿಟ್ಟು ನಾಕು ತಿಂಗಳಾತು.”

“ಬಿಡೋಕೆ ಯಾರು ಹೇಳಿದ್ದು?”

ಆಂಟಿ ಒಮ್ಮೆ ನನ್ನ ಕಡೆ ನೋಡಿದರು. “ಯಾರೂ ಇಲ್ಲ ಸಾರ್. ಟಿವಿಯಾಗ ನೋಡಿದ್ದೆ.”

ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ. ತೊಡೆಯ ಮೇಲಿದ್ದ ಅವರ ಬ್ಯಾಗಿನ ಜಿಪ್ಪನ್ನು ಸುಮ್ಮನೆ ಎಳೆಯುತ್ತಾ ಕುಳಿತೆ.

ಬೆರಳು ತೆಗೆಯಬೇಕಾಯಿತು. ವಾರ್ಡಿನಲ್ಲಿ ನಾನು ಅವರಿಗೆ ಊಟ ಮಾಡಿಸುವುದನ್ನು ಕಂಡು ಪಕ್ಕದ ಹಾಸಿಗೆಯವರು, “ಮಗಳು ಅಂದ್ರೆ ಹೀಗಿರಬೇಕು,” ಅಂದರು. ನಾನು ಇನ್ನೊಂದು ತುತ್ತು ಕಲಸಿದೆ. ಆಮೇಲೆ ಪ್ಯಾಕೆಟ್ಟಿನ ಮೇಲಿನ ಆ ಸಾಲು ತೆಗೆಯಿರಿ ಎಂದು ಕಂಪನಿಯಲ್ಲಿ ಕೇಳಿದೆ, ಒಪ್ಪಲಿಲ್ಲ. ಕೆಲಸ ಬಿಟ್ಟೆ. ಅದರಿಂದ ಮನಸ್ಸೇನೂ ಹಗುರವಾಗಲಿಲ್ಲ.

ಆಂಟಿ ಮನೆಗೆ ಬಂದ ವಾರ ಅವರ ಎದುರು ಕುಳಿತು ಎಲ್ಲ ಹೇಳಿದೆ: ಯಾರ ಮೇಲೆ ಪ್ರಯೋಗ ಮಾಡಿದೆವು, ಯಾರನ್ನು ಬಿಟ್ಟೆವು, ಎಲ್ಲ.

ಅವರು ಕಾಲಿನ ಬ್ಯಾಂಡೇಜು ನೋಡಿಕೊಂಡರು. ಆಮೇಲೆ, “ತಿಳೀದೆ ಬರ್ದೀ ಅಂತ ಅಂದ್ಕೊಂಡಿದ್ದೆ. ನಿನ್ನ ಮಾನ ಉಳೀಲಿ ಅಂತ ಡಾಕ್ಟರಿಗೆ ಸುಳ್ಳು ಹೇಳ್ದೆ. ಗೊತ್ತಿದ್ದೂ ಬರ್ದ್ಯಾ?” ಅಂದರು.

“ಹೌದು ಆಂಟಿ.”

“ಈ ರೋಡಿನಾಗ ಮೂರು ಮನೀಗೆ ಹೇಳೀನಿ, ಓದಿದ ಹುಡುಗಿ ಬರ್ದದ್ದು, ತಗೋರಿ ಅಂತ. ಈಗ್ಲೇ ಹೋಗಿ ಹೇಳಿ ಬಾ.”

ಹೋದೆ. ಮೊದಲ ಮನೆಯಾಕೆ ಕೇಳಿಸಿಕೊಂಡು ಬಾಗಿಲು ಹಾಕಿಕೊಂಡರು. ಎರಡನೆಯ ಮನೆಯಲ್ಲಿ, “ನಾವು ಮಾತ್ರೆ ಬಿಟ್ಟಿಲ್ಲ ಬಿಡಿ,” ಅಂದರು. ಮೂರನೆಯ ಮನೆಯ ಹಿರಿಯರು ನಕ್ಕರು.

“ನಂಗೆ ಒಳ್ಳೇದೇ ಆಗಿದೆಯಲ್ಲಮ್ಮ. ಮಾತ್ರೆ ಅರ್ಧ ಮಾಡ್ಕೊಂಡಿದೀನಿ. ಸಾಬೀತು ಅಂತ ಪ್ಯಾಕೆಟ್ ಮೇಲೇ ಇದೆ, ನೋಡಿಲ್ವಾ?”

“ಅದನ್ನ ಬರೆದಿದ್ದೇ ನಾನು ಸಾರ್. ಅದು ಸುಳ್ಳು.”

ಅವರ ನಗು ನಿಂತಿತು. ಒಳಗಿನಿಂದ ಹೆಂಡತಿ ಬಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಇದನ್ನ ಹೇಳೋಕೆ ಇಷ್ಟು ದಿನ ಬೇಕಾಯ್ತಾ ನಿಮಗೆ?” ಎಂದು ಕೇಳಿ, ಡಾಕ್ಟರಿಗೆ ಫೋನ್ ಮಾಡಲು ಒಳಗೆ ಹೋದರು.